ಗೇರಿನ ಮುರ್ತುಜಸಾಬ

ಮುರ್ತುಜಸಾಬರ ಎದುರು ನಿಂತು ಮಾತನಾಡಬೇಕಾದವರು ಮೊದಲು ತಮ್ಮ ಮೀಸೆಯನ್ನು ಮೇಲೆತ್ತಬೇಕಾಗುತ್ತಿತ್ತು. ಇಳಕಲ್ಲಿನ ಕೆಂಪು ಕಲ್ಲಿನ ಗಣಿಯಲ್ಲಿ ಯಂತ್ರ ನೋಡಿಕೊಂಡಿದ್ದ ತಾರುಣ್ಯದಲ್ಲಿ, ಹೊತ್ತಿಗೆ ಮುಂಚೆ ಸಿಡಿದ ಮದ್ದಿನ ಸದ್ದೊಂದು ಅವರ ಎರಡೂ ಕಿವಿಗಳನ್ನು ಒಮ್ಮೆಲೇ ಕೊಂಡೊಯ್ದಿತ್ತು. ಅಂದಿನಿಂದ ಅವರು ಲೋಕದ ಮಾತನ್ನೆಲ್ಲ ತುಟಿಗಳ ಚಲನೆಯಲ್ಲೇ ಓದಿಕೊಳ್ಳುತ್ತಿದ್ದರು. ಪೊದೆಮೀಸೆಯ ಗೌಡರು ಬರಲಿ, ಫೌಜದಾರರು ಬರಲಿ, ಎಳ್ಳಷ್ಟೂ ಅಳುಕದೆ, “ಮೀಸಿ ಸ್ವಲ್ಪ ಮ್ಯಾಲ ಮಾಡ್ರಿ ಸಾಹೇಬ್ರ, ಮಾತು ಕಾಣವಲ್ದು” ಎನ್ನುತ್ತಿದ್ದರು. ತಮ್ಮ ದನಿ ತಮಗೇ ಕೇಳದ್ದರಿಂದ ಗುಟ್ಟಾಗಿ ಹೇಳಬೇಕಾದ್ದನ್ನು ಓಣಿಗೆಲ್ಲ ಸಾರುವಂತೆ ಹೇಳುವುದೂ, ಕೂಗಿ ಹೇಳಬೇಕಾದ್ದನ್ನು ಪಿಸುಗುಟ್ಟುವುದೂ ಅವರಿಗೆ ಸಹಜವಾಗಿತ್ತು. ನಡೆಯುವಾಗ ಗೋಡೆಯ ಅಂಚನ್ನು ಬಿಡದೆ, ಹತ್ತು ಹೆಜ್ಜೆಗೊಮ್ಮೆ ಹಿಂದಿರುಗಿ ನೋಡುತ್ತ, ಗಣಿಯವರು ಎಂದೋ ಕೊಟ್ಟ ನೀಲಿ ಕೋಟಿನ ಕಳೆದುಹೋದ ಗುಂಡಿಗಳ ಜಾಗದಲ್ಲಿ ತಾಮ್ರದ ತಂತಿ ಸುತ್ತಿಕೊಂಡು ಬರುವ ಆ ತೆಳ್ಳನೆಯ ಆಕೃತಿಯನ್ನು ಇಳಕಲ್ಲಿನಲ್ಲಿ ಗುರುತಿಸದವರೇ ಇರಲಿಲ್ಲ.

ಇಂಥ ಮನುಷ್ಯ ಹುನಗುಂದದ ರಸ್ತೆಗೆ ಗ್ಯಾರೇಜು ತೆರೆದು, ಗಾಡಿಗಳ ಬೇನೆಗಳಲ್ಲೆಲ್ಲ ಸದ್ದಿನಿಂದಲೇ ಹಿಡಿಯಬೇಕಾದ ಗೇರಿನ ಬೇನೆಯನ್ನೇ ಆರಿಸಿಕೊಂಡದ್ದು ಸೋಜಿಗ. ಗೇರ್ ಬಾಕ್ಸಿಗೆ ಉದ್ದನೆಯ ಸ್ಕ್ರೂಡ್ರೈವರಿನ ತುದಿ ಒತ್ತಿ, ಹಿಡಿಕೆಯನ್ನು ಹಲ್ಲಿನಿಂದ ಕಚ್ಚಿ, ಕಣ್ಣು ಮುಚ್ಚಿ ಕೂತರೆಂದರೆ, ಒಳಗಿನ ಯಾವ ಹಲ್ಲು ಯಾವುದಕ್ಕೆ ತಾಗುತ್ತಿದೆಯೆಂಬುದು ಅವರ ಎಲುಬಿಗೇ ತಿಳಿಯುತ್ತಿತ್ತು. ಇನ್ನೊಂದು ಬಿಡದ ಚಾಳಿಯೆಂದರೆ, ಬಿಚ್ಚಿ ತೆಗೆದ ಕೆಟ್ಟ ಭಾಗವನ್ನು ಎಸೆಯದೆ, ಮರುದಿನ ಬೆಳಿಗ್ಗೆ ಚಹಾ ಕುಡಿಯುತ್ತ ಅಂಗೈಯಲ್ಲಿಟ್ಟುಕೊಂಡು ಹೊರಳಿಸಿ ನೋಡುವುದು. ಪಕ್ಕದ ಅಂಗಡಿಯ ದರ್ಜಿ ಶಂಕ್ರಪ್ಪ ನಕ್ಕು, “ಸತ್ತದ್ದನ್ನ ಏನ್ ನೋಡ್ತೀರಿ ಸಾಬ್ರ?” ಎಂದರೆ, “ಯಾಕ ಸತ್ತೈತಿ ಅಂತ ನೋಡ್ತೇನಿ” ಎಂಬುದು ಅವರ ಉತ್ತರ.

ಊರೆಲ್ಲ ಬಾಯಾರೆಂದೇ ಕರೆಯುತ್ತಿದ್ದ ಡಾಕ್ಟರ್ ನೀಲಾಬಾಯಿಯವರು ತಮ್ಮ ಹಳೆಯ ಬಿಳಿ ಕಾರನ್ನು ಇವರ ಬಳಿಗೆ ತಂದದ್ದು ಎಪ್ಪತ್ತೊಂಬತ್ತನೆಯ ಇಸವಿಯ ಮಳೆಗಾಲ ಮುಗಿದ ಮೇಲೆ. ಗೇರನ್ನು ಆಳುವುದಕ್ಕೆಂದೇ ಮಿದುಳಿನಂಥ ಪೆಟ್ಟಿಗೆಯೊಂದನ್ನು ಕಾರಿನಲ್ಲಿ ಕೂಡಿಸುವ ಕಾಲ ನಮ್ಮ ಕಡೆ ಇನ್ನೂ ಬಂದಿರಲಿಲ್ಲ. ಸ್ಟಿಯರಿಂಗಿನ ಮಗ್ಗುಲಿನ ಹಿಡಿಕೆಯನ್ನು ಎಳೆದರೆ ಆ ಆಜ್ಞೆಯನ್ನು ಕೆಳಗಿನ ಗೇರ್ ಬಾಕ್ಸಿಗೆ ಮುಟ್ಟಿಸುತ್ತಿದ್ದದ್ದು ಕಂಟ್ರೋಲ್ ಲಿವರೆಂಬ ಗೇಣುದ್ದದ ಕಬ್ಬಿಣದ ತುಂಡು. ವಾರಕ್ಕೆರಡು ಸಲ ನಡುದಾರಿಯಲ್ಲಿ ಗೇರು ಸಿಕ್ಕಿಕೊಂಡು, ಬಾಯಾರು ಇಳಿದು ಬಾನೆಟ್ಟು ತೆರೆದು ಕೈಯಿಂದ ಬಿಡಿಸಬೇಕಾಗುತ್ತಿತ್ತು. ಬೇರೆ ಕಡೆ ತೋರಿಸಿದಾಗ ಗೇರ್ ಬಾಕ್ಸನ್ನೇ ಬದಲಿಸಬೇಕೆಂದಿದ್ದರು. ಮುರ್ತುಜಸಾಬರು ಸವೆದ ಲಿವರನ್ನಷ್ಟೇ ತೆಗೆದು, ಹುಬ್ಬಳ್ಳಿಯಿಂದ ತರಿಸಿದ ಹೊಸದನ್ನು ಬುಧವಾರ ಸಂಜೆ ಕೂಡಿಸಿಕೊಟ್ಟರು. ಗೇರು ಬೆಣ್ಣೆಯಲ್ಲಿ ಚಾಕು ಆಡಿದಂತೆ ಆಡಿತು. ಮರುದಿನ ಬೆಳಿಗ್ಗೆ ಬಾಯಾರು ಎಂದಿನಂತೆ ಗುಳೇದಗುಡ್ಡದ ನೇಕಾರ ಹೆಣ್ಣುಮಕ್ಕಳನ್ನು ನೋಡಲು ಹೊರಟುಹೋದರು.

ಅದೇ ಬೆಳಿಗ್ಗೆ, ಚಹಾದ ಹೊತ್ತಿಗೆ, ಹಳೆಯ ಲಿವರು ಸಾಬರ ಅಂಗೈಗೆ ಬಂತು. ಅದರ ತೂತು ದುಂಡಗೆ ಸವೆದಿರಲಿಲ್ಲ. ಒಂದೇ ಮಗ್ಗುಲಿಗೆ, ಬಾದಾಮಿಯಾಕಾರದಲ್ಲಿ ಸವೆದಿತ್ತು. ಅಂದರೆ ಗೇರ್ ಬಾಕ್ಸೇ ಒಂದು ಕಡೆಗೆ ಜೋತುಬಿದ್ದು ಲಿವರನ್ನು ಎಳೆಯುತ್ತಿತ್ತು. ಗೇರ್ ಬಾಕ್ಸನ್ನು ಕೆಳಗಿನಿಂದ ಹೊತ್ತ ರಬ್ಬರಿನ ಮೆತ್ತೆ ಹರಿದಿರಲೇಬೇಕು. ಹಾಗಿದ್ದರೆ ಹೊಸ ಲಿವರಿನ ಗತಿಯೂ ಇದೇ. ಸಾಬರ ಮುಖದ ಬಣ್ಣ ಇಳಿದದ್ದನ್ನು ಕಂಡು ಶಂಕ್ರಪ್ಪ, “ಬಾಯಾರು ಸಂಜಿಗಿ ಬರ್ತಾರಲ್ರಿ, ಆಗ ನೋಡಿದ್ರಾತು” ಎಂದ. ಆ ತುಟಿಗಳನ್ನು ಸಾಬರು ಓದಿದರೋ ಇಲ್ಲವೋ. ಜಾಕನ್ನೂ ಒಂದು ಹೊಸ ರಬ್ಬರನ್ನೂ ಚೀಲಕ್ಕೆ ತುರುಕಿ, ಗ್ಯಾರೇಜಿನ ಬಾಗಿಲನ್ನೂ ಎಳೆಯದೆ ಬಸ್ಸು ಹತ್ತಿದರು.

ಗುಳೇದಗುಡ್ಡದಲ್ಲಿ ನೀಲಾಬಾಯಿಯವರು ಬಂದಿಳಿಯುತ್ತಿದ್ದದ್ದು ಕುಣಿಮಗ್ಗದಲ್ಲಿ ಕುಪ್ಪಸದ ಖಣ ನೇಯುವ ಸಂಗವ್ವನ ಮನೆಯಲ್ಲಿ. ಅಂದು ಆಕೆಯ ತುಂಬುಗರ್ಭಿಣಿ ಸೊಸೆ ರೇಣವ್ವನ ಕಾಲು ಮುಖಗಳೆಲ್ಲ ಬಾತು, ರಕ್ತದೊತ್ತಡ ಏರಿತ್ತು. ಕಣ್ಣು ಮಂಜಾಗುತ್ತಿದೆಯೆಂದು ಅವಳು ಹೇಳಿದೊಡನೆ ಬಾಯಾರಿಗೆ ತಿಳಿಯಿತು, ಇದು ಬಾಗಲಕೋಟೆಯ ದೊಡ್ಡ ದವಾಖಾನೆಯ ಕೇಸು. ಕಾರಿನ ಕೀಲಿಕೈ ಹಿಡಿದು ಹೊರಗೆ ಬಂದರೆ ಕಾರಿನಡಿಯಿಂದ ಎರಡು ಕಾಲುಗಳು ಚಾಚಿಕೊಂಡಿವೆ! ಕೂಗಿದರೂ ಕದಲಲಿಲ್ಲ. ಬಗ್ಗಿ ಪಾದ ಮುಟ್ಟಿದಾಗ ಎಣ್ಣೆ ಮೆತ್ತಿದ ಮುಖವೊಂದು ಹೊರಬಂತು.

“ಮುರ್ತುಜಸಾಬ್ರ! ನೀವ್ ಇಲ್ಲ್ಯಾಕ?”

“ನಿನ್ನಿ ನಾ ತಪ್ಪ ಮಾಡೇನ್ರಿ ಬಾಯಾರ!” ಸಾಬರ ದನಿಗೆ ಓಣಿಯ ಮಗ್ಗಗಳೆಲ್ಲ ನಿಂತವು. “ಕೆಟ್ಟದ್ದನ್ನ ಬದಲಿ ಮಾಡಿದೆ, ಕೆಡಿಸಿದ್ದನ್ನ ಹಂಗ ಬಿಟ್ಟೆ. ಗಾಡಿ ತಗೀಬ್ಯಾಡ್ರಿ.”

“ಗಾಡಿ ಛಲೋನ ಓಡೈತ್ರಿ. ಒಳಗ ಪೇಷಂಟ್ ಅದಾಳ, ಈಗ ಹೊಂಡಬೇಕು.”

“ಇಳಿಜಾರಿನ್ಯಾಗ ಗೇರ್ ಕೈ ಕೊಟ್ರ ಮಂದಿ ತುಂಬಿದ ಗಾಡಿ ಬರೇ ಬ್ರೇಕಿಗೆ ನಿಂದರೂದಿಲ್ರಿ. ಅರ್ಧಾ ತಾಸ ಕೊಡ್ರಿ.”

ಆ ಅರ್ಧ ತಾಸಿನ ತೂಕ ನೀಲಾಬಾಯಿಯವರಿಗಲ್ಲದೆ ಅಲ್ಲಿ ಇನ್ನಾರಿಗೂ ಗೊತ್ತಿರಲಿಲ್ಲ. ಆದರೆ ಅವರಿಗೆ ಮತ್ತೊಂದೂ ಗೊತ್ತಿತ್ತು: ಮನೆಗೆ ಕಳಿಸಿದ ರೋಗಿಯ ವಿಷಯದಲ್ಲಿ ಮರುದಿನ ಬೆಳಿಗ್ಗೆ ಸುಮ್ಮನೆ ಮೂಡುವ ಆ ಸಣ್ಣ ಅನುಮಾನ, ಮತ್ತು ಏನಾಗುತ್ತದೆ ಬಿಡು ಎಂದು ಅದನ್ನು ನುಂಗಿಕೊಳ್ಳುವುದು ಎಷ್ಟು ಸುಲಭವೆಂಬುದು. ಈ ಮನುಷ್ಯ ಅದನ್ನು ನುಂಗಿಕೊಳ್ಳದೆ ಎರಡು ಬಸ್ಸು ಬದಲಿಸಿ ಬಂದಿದ್ದ. “ಮಾಡ್ರಿ,” ಎಂದು ಒಳಗೆ ಹೋಗಿ ರೇಣವ್ವನಿಗೆ ಇಂಜೆಕ್ಷನ್ ಕೊಟ್ಟು, ಎಡಮಗ್ಗುಲಿಗೆ ಮಲಗಿಸಿ, ಕೈ ಹಿಡಿದು ಕೂತರು.

“ನನ್ನ ಸೊಸಿ ಇಲ್ಲಿ ಒದ್ಯಾಡಾಕತ್ತ್ಯಾಳ, ಇಂವ ಗಾಡಿ ಬಿಚ್ಚಾಕ ಕುಂತಾನಲ್ಲ!” ಎಂದು ಸಂಗವ್ವ ಹೊಸ್ತಿಲಲ್ಲಿ ನಿಂತು ಬಯ್ದದ್ದು ಕಾರಿನಡಿಯವರಿಗೆ ಕೇಳುವಂತಿರಲಿಲ್ಲ. ಆದರೂ ಗೇರ್ ಬಾಕ್ಸಿಗೆ ಆನಿಸಲು ಮರದ ತುಂಡು ಬೇಕೆಂದು ಅವರು ಕೈಸನ್ನೆ ಮಾಡಿದಾಗ, ಹಳೆಯ ಮಗ್ಗದ ಹಲಗೆಯನ್ನು ಹೊತ್ತು ತಂದವಳೂ ಅವಳೇ. ಜಾಕು ಏರಿಸಿ ನಟ್ಟು ಸಡಿಲಿಸಿದೊಡನೆ ಹಳೆಯ ರಬ್ಬರು ಎರಡು ಹೋಳಾಗಿ ಸಾಬರ ಎದೆಯ ಮೇಲೆ ಬಿತ್ತು. ಅದನ್ನು ಕಂಡ ಮೇಲೆ ಸಂಗವ್ವ ಬಯ್ಯಲಿಲ್ಲ.

ಪರೀಕ್ಷಿಸಿ ನೋಡದೆ ಗಾಡಿ ಕೊಡುವವರಲ್ಲ ಸಾಬರು, ಆದರೆ ಪರೀಕ್ಷೆಗೆ ಸಮಯವಿರಲಿಲ್ಲ. ಆದ್ದರಿಂದ ಅವರೂ ಮುಂದಿನ ಸೀಟಿನಲ್ಲಿ ಕೂತು, ಬಗ್ಗಿ, ಗೇರ್ ಬಾಕ್ಸಿನ ಮೇಲಿನ ತಗಡಿಗೆ ಅಂಗೈಯೂರಿದರು. ಹಿಂದೆ ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು ರೇಣವ್ವ ನರಳುತ್ತಿದ್ದಳು. ಮೊದಲ ಇಳಿಜಾರಿನ ಮೇಲ್ತುದಿಗೆ ಬಂದಾಗ ನೀಲಾಬಾಯಿಯವರ ಕೈ ಹಿಡಿಕೆಯ ಮೇಲೆ ತಡೆಯಿತು. ಎಂದೂ ದನಿಯ ಅಳತೆ ಸಿಗದ ಆ ಮನುಷ್ಯ ಅಂದು ಅದು ಹೇಗೋ, ಮಗುವಿಗೆ ಹೇಳುವಷ್ಟೇ ಮೆಲ್ಲಗೆ, “ಹಾಕ್ರಿ ಬಾಯಾರ, ನನ್ನ ಕೈ ಐತಿ” ಎಂದರು. ಗೇರು ಬಿತ್ತು. ಕಾರು ಎಂಜಿನ್ನಿನ ಬಿಗಿಯಲ್ಲಿ ಹದವಾಗಿ ಇಳಿಯಿತು.

ಅಂದು ಸಂಜೆ ಬಾಗಲಕೋಟೆಯಲ್ಲಿ ಶಸ್ತ್ರಕ್ರಿಯೆಯಾಗಿ ರೇಣವ್ವ ಹೆಣ್ಣು ಹೆತ್ತಳು, ಇಬ್ಬರೂ ಉಳಿದರು. ಸಂಗವ್ವ ಮುರ್ತುಜಸಾಬರನ್ನು ಹುಡುಕುವಷ್ಟರಲ್ಲಿ ಅವರು ಬಸ್ಸು ಹಿಡಿದಾಗಿತ್ತು. ಮುಂದಿನ ವಾರ ಕೃತಜ್ಞತೆ ಹೇಳಲು ಗ್ಯಾರೇಜಿಗೆ ಹೋದ ಬಾಯಾರ ತುಟಿಗಳನ್ನು ಅವರು ಎರಡು ಸಲ ಓದಿದರು. ಓದಿದ್ದನ್ನು ನಂಬದವರಂತೆ, “ಏನೂ ಆಗೇ ಇಲ್ಲಲ್ರಿ. ಆಗದ್ದಕ್ಕ ಯಾಕ್ರಿ ಅಷ್ಟ?” ಎಂದರು.

ಆದ ಅಪಘಾತಕ್ಕೆ ತೇದಿಯಿರುತ್ತದೆ, ಜಾಗವಿರುತ್ತದೆ, ಅತ್ತವರಿರುತ್ತಾರೆ. ಆಗದೇ ಹೋದದ್ದಕ್ಕೆ ಇವು ಯಾವುವೂ ಇರುವುದಿಲ್ಲ. ತಮ್ಮ ತಪ್ಪು ತಮ್ಮೊಬ್ಬರಿಗೇ ತಿಳಿದಿರುವಾಗ ಅದರ ಬೆನ್ನು ಹತ್ತಿ ಹೊರಡುವ ಇಂಥವರು ಊರೂರಿನಲ್ಲೂ ಒಬ್ಬಿಬ್ಬರಾದರೂ ಇದ್ದಾರು. ಅವರು ತಡೆದ ಕೇಡು ನಮ್ಮ ಕಣ್ಣಿಗೆ ಬೀಳುವುದಿಲ್ಲವಾಗಿ ಅವರಿಗೆ ಕೈಮುಗಿಯಬೇಕೆಂಬುದೂ ನಮಗೆ ತೋಚುವುದಿಲ್ಲ. ಸಂಜೆ ನಾವು ಸುಮ್ಮನೆ ಮನೆಗೆ ಬಂದು, ಚಪ್ಪಲಿ ಬಿಟ್ಟು, ದಾರಿಯಲ್ಲಿ ವಿಶೇಷವೇನೂ ನಡೆಯಲಿಲ್ಲವೆಂದು ಹೇಳಿ ಊಟಕ್ಕೆ ಕೂರುತ್ತೇವೆ.