ಕೇಳುಗರ ಎಣಿಕೆ

“ರೇಡಿಯೊ ಯಾವ ಭಾಷೇಲಿ ಕೇಳ್ತೀರಮ್ಮ?” ನಾಗರಾಜ್ ಹಾಳೆಯಿಂದ ತಲೆ ಎತ್ತದೆ ಕೇಳಿದ.

ರುಕ್ಲಿಬಾಯಿ ಸೆರಗು ತಲೆಗೆಳೆದುಕೊಂಡು, “ಕನ್ನಡದಾಗೇ ಸಾರ್,” ಎಂದಳು.

ಅವನ ಹಿಂದೆ ನಿಂತಿದ್ದ ಸಂಧ್ಯಾರಾಣಿ ತುಟಿ ಕಚ್ಚಿದಳು. ರಾಜ್ಯ ಸರ್ಕಾರದ ಬಾನುಲಿಯಲ್ಲಿ ದಿನಾ ಸಂಜೆ ಐದಕ್ಕೆ ಲಂಬಾಣಿಯಲ್ಲಿ ವಾರ್ತೆ ಓದುವವಳು ಅವಳೇ. ಇವತ್ತಿನದನ್ನು ಬೆಳಿಗ್ಗೆಯೇ ರೆಕಾರ್ಡ್ ಮಾಡಿಟ್ಟು ಬಂದಿದ್ದಳು. ಒಂದು ಕೇಂದ್ರಕ್ಕೆ ಎರಡು ಭಾಷೆಯ ಖರ್ಚು ಯಾಕೆಂದು ವಿಧಾನಸಭೆಯಲ್ಲಿ ಎರಡು ದಿನ ಜಗಳವಾಗಿ, ಕೇಳುವವರಿದ್ದರೆ ಮಾತ್ರ ಲಂಬಾಣಿಗೆ ಅನುದಾನ ಎಂದು ತೀರ್ಮಾನವಾಗಿತ್ತು. ಎಣಿಸಲು ಬಂದವನು ನಾಗರಾಜ್. ಗೋವಿನಕೋವಿ ಕಡೆಯ ಈ ತಾಂಡಾದಲ್ಲಿ ಸಂಧ್ಯಾ ಅವನಿಗೆ ದಾರಿ ತೋರಿಸಬೇಕು, ಬಾಯಿ ಬಿಡಬಾರದು. ಸ್ವಂತ ತಾಂಡಾದಲ್ಲಿ ಅವಳಿಗೆ ಇಷ್ಟೇ ಅಪ್ಪಣೆ.

ಹದಿನಾರು ಮನೆ ಮುಗಿದಿತ್ತು. ಹದಿನಾರೂ ಕನ್ನಡ.

ನಾಗರಾಜ್ ಫೋನ್ ಬಂತೆಂದು ಬೇವಿನ ಮರದತ್ತ ಸರಿದ. ಸಂಧ್ಯಾ ತಮ್ಮ ಮಾತಿನಲ್ಲೇ ಪಿಸುಗುಟ್ಟಿದಳು: “ಯಾಕೆ ದೊಡ್ಡವ್ವಾ ಹಿಂಗಂದೆ? ನೆನ್ನೆ ನಾನು ಓದಿದ್ದು ತಪ್ಪಾತು ಅಂತ ನೀನೇ ಬೈದಿದ್ದೆ!”

“ಬಾಯ್ ಮುಚ್ಚೇ. ಹೋದ್ ವರ್ಷ ಒಬ್ರು ಹಿಂಗೇ ಹಾಳೆ ಹಿಡ್ಕಂಡು ಬಂದಿದ್ರು. ನಮ್ ಮಾತು, ನಮ್ ಜನ ಎಲ್ಲಾ ಬರ್ಕಂಡ್ರು. ತಿಂಗ್ಳಿಗೆ ಕಾಡಂಚಿನ ಮನೆಗಳ್ಗೆ ಜಾಗ ಖಾಲಿ ಮಾಡ್ರಿ ಅಂತ ನೋಟೀಸ್ ಬಂತು. ನೀನು ಓದಿದ್ದನ್ನ ಕೇಳಾಕೆ ನಾವು ಅದೀವಿ. ಹಾಳೇಲಿ ಮಾತ್ರ ಬ್ಯಾಡ.”

ನಾಗರಾಜ್ ಫೋನ್ ಮುಗಿಸಿ ಬಂದ. ಮುಂದಿನ ಮನೆಯ ಸೋಮ್ಲಾನಾಯ್ಕ ಕಟ್ಟೆಯಿಂದಲೇ ನಕ್ಕ. “ಏನೇ ಸಂಧ್ಯಾ, ಬಾಯಿಗೆ ಬೀಗ ಹಾಕ್ಯಾರೇನು? ಬರ್ಕಳ್ರಿ ಸಾರ್, ನಮ್ದೂ ಕನ್ನಡಾನೇ.”

“ಅಣ್ಣಾ, ನಿಜ ಹೇಳೋ! ನನ್ನ ಕೆಲ್ಸ ಹೋಗ್ತೈತೆ, ನಿಮ್ ರೇಡಿಯೋನೂ ನಿಲ್ತೈತೆ!”

ಸೋಮ್ಲಾನಾಯ್ಕನ ನಗು ನಿಂತಿತು. ನಾಗರಾಜ್ ಹಾಳೆಯಲ್ಲಿ ಆ ಮನೆಯ ಸಾಲಿನ ಮೇಲೆ ಉದ್ದಕ್ಕೆ ಗೀಟು ಎಳೆದ. “ನೀವು ಮಾತಾಡಿದ್ರೆ ಈ ಮನೆ ಎಣಿಕೆಗೇ ಬರಲ್ಲ ಮೇಡಂ. ಇನ್ನೊಂದ್ಸಲ ಆದ್ರೆ ಇಡೀ ತಾಂಡಾನೇ ಲೆಕ್ಕದಿಂದ ಬಿಟ್ಟುಬಿಡ್ತೀನಿ.”

ಅಷ್ಟರಲ್ಲಿ ಐದಾಯಿತು. ಆಚೆ ಸಾಲಿನ ಮನೆಗಳ ರೇಡಿಯೊದಿಂದ ಸಂಧ್ಯಾಳದೇ ದನಿ ಹೊರಟಿತು. ಮೊದಲು ಒಂದು ಮನೆಯಿಂದ, ಆಮೇಲೆ ಏಳೆಂಟು ಕಡೆಯಿಂದ ಒಟ್ಟಿಗೆ, ಕೇಳುಗರಿಗೆ ರಾಮ್ ರಾಮ್ ಹೇಳುತ್ತ. ನಾಗರಾಜ್ ಬರೆಯುವುದು ಬಿಟ್ಟು ಕಿವಿಗೊಟ್ಟ.

“ಹೌದಲ್ಲ! ಬನ್ನಿ, ನೋಡೇಬಿಡೋಣ,” ಎಂದು ಅತ್ತ ಹೆಜ್ಜೆ ಹಾಕಿದ. ಅವನಿಗಿಂತ ಮುಂದೆ ಸಂಧ್ಯಾ ನಡೆದಳು.

ಮೊದಲ ಬಾಗಿಲಲ್ಲಿ ಯಾರೋ ಇಣುಕಿ, ಅವನ ಕೈಯ ಹಾಳೆ ನೋಡಿ, ಒಳಗೆ ಸರಿದರು. ಅಲ್ಲಿ ದನಿ ನಿಂತಿತು. ಅವರು ನಡೆದಂತೆ ಪಕ್ಕದ ಮನೆಯಲ್ಲಿ ನಿಂತಿತು, ಅದರಾಚೆ ಮನೆಯಲ್ಲಿ ನಿಂತಿತು. ಬೀದಿಯ ತುದಿ ಮುಟ್ಟುವ ಹೊತ್ತಿಗೆ ಒಂದು ಕೋಳಿ ಮಾತ್ರ ಮಣ್ಣು ಕೆದಕುತ್ತಿತ್ತು.