ನಮ್ಮ ಮರದ್ದು

“ಶುಗರ್ ಇಳಿದಿಲ್ಲ ಕಣಮ್ಮ, ಏರಿದೆ,” ಎಂದಳು ಡಿಪೋದ ನರ್ಸ್, ಕೈಯಲ್ಲಿದ್ದ ಪುಟ್ಟ ಯಂತ್ರವನ್ನು ಗಂಡನ ಕಡೆಗಲ್ಲ, ಹೆಂಡತಿಯ ಕಡೆಗೆ ತಿರುಗಿಸುತ್ತ. “ಹೋದ ಸಲಕ್ಕಿಂತ ಜಾಸ್ತಿ. ನೀವು ಹೇಳೋ ಪಥ್ಯ ಕೇಳಿದ್ರೆ ಇವರು ಇಷ್ಟೊತ್ತಿಗೆ ಗಾಳಿಗೆ ಹಾರಿಹೋಗ್ಬೇಕಿತ್ತು.”

ಟೈಲರಮ್ಮ ಬಗ್ಗಿ ಅಂಕಿಯನ್ನು ನೋಡಿದಳು. ತಾನೇ ಅಳತೆ ತೆಗೆದು, ತಾನೇ ಕತ್ತರಿಸಿ, ತಾನೇ ಹೊಲಿದ ಅಂಗಿ ಗಿರಾಕಿಯ ಮೈಗೆ ಕೂರದೆ ಹೋದಾಗ ನೋಡುವ ನೋಟ ಅದು. ಪಕ್ಕದ ಸ್ಟೂಲಿನ ಮೇಲೆ ಗಂಡ, ಚುಚ್ಚಿದ ಬೆರಳಿಗೆ ಹತ್ತಿ ಒತ್ತಿಕೊಂಡು, ಪರೀಕ್ಷೆಯಲ್ಲಿ ಫೇಲಾದ ಹುಡುಗನಂತೆ ನೆಲ ನೋಡುತ್ತಿದ್ದ. ಸಿಟಿ ಬಸ್ಸಿನ ಡ್ರೈವರು. ಕನ್ನಡಿಯಲ್ಲಿ ಯಾರಾದರೂ ಓಡಿ ಬರುವುದು ಕಂಡರೆ ಸಾಕು, ಗಾಡಿ ನಿಲ್ಲಿಸಿಕೊಂಡು ಕಾಯುವವನು. ಅದಕ್ಕೇ ಆ ರೂಟಿನ ಜನ ಅವನನ್ನು ನಿಧಾನಣ್ಣ ಎಂದು ಕರೆಯುತ್ತಿದ್ದರು. ಬೈಯುವವರೂ ಅದೇ ಹೆಸರಿನಿಂದಲೇ ಬೈಯುತ್ತಿದ್ದರು.

“ತಿಂಗಳ ಕೊನೆಗೆ ಇನ್ನೊಂದು ಸಲ ನೋಡ್ತೀನಿ,” ಎಂದಳು ನರ್ಸ್. “ಆಗಲೂ ಹೀಗೇ ಇದ್ರೆ ಸ್ಟೀರಿಂಗ್ ಹಿಡಿಯೋಕೆ ಯೋಗ್ಯ ಅಂತ ನಾನು ಬರೆಯೋ ಹಾಗಿಲ್ಲ. ಕಣ್ಣು ಮಂಜಾದ್ರೆ ಬಸ್ಸಲ್ಲಿರೋರ ಗತಿ ಏನು? ಟೈರ್ ಶೆಡ್ಡಿಗೆ ಹಾಕ್ತಾರೆ.”

“ಟೈರ್ ಶೆಡ್ಡಲ್ಲಿ ಕಿಟಕಿ ಇಲ್ಲ,” ಎಂದ ನಿಧಾನಣ್ಣ. ಬೆಳಗಿನಿಂದ ಅವನು ಆಡಿದ ಮೊದಲ ಮಾತು ಅದು.

ನರ್ಸ್ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. “ಇರಲಿ, ಮತ್ತೆ ಹೇಳಿ. ಬೆಳಗ್ಗೆಯಿಂದ ಇವರ ಬಾಯಿಗೆ ಏನೇನು ಹೋಗುತ್ತೆ?”

“ಬೆಳಗ್ಗೆ ಮೊಟ್ಟೆ, ಸೌತೆಕಾಯಿ. ಚಹಾಕ್ಕೆ ಸಕ್ಕರೆ ಹಾಕಲ್ಲ. ಮಧ್ಯಾಹ್ನ ಇಲ್ಲೇ ಕ್ಯಾಂಟೀನಲ್ಲಿ ಊಟ, ಅನ್ನ ಅರ್ಧ. ರಾತ್ರಿ ಬೇಳೆ, ಸೊಪ್ಪು.”

“ಬಿಸ್ಕತ್ತು?”

“ಬಿಟ್ಟೇಬಿಟ್ರು.”

“ಅಂಗಡಿ ಸಿಹಿ?”

“ಅಂಗಡಿ ಅನ್ನೋ ಮಾತೇ ಇಲ್ಲ ನಮ್ಮನೇಲಿ. ಹೋದ ಸಲ ನೀವು ಹೇಳಿದ ಮೇಲೆ ಒಂದು ಪ್ಯಾಕೆಟ್ಟೂ ಒಡೆದಿಲ್ಲ.”

ಅದು ನಿಜ. ನರ್ಸಿಗೂ ಅದು ನಿಜವೆಂದೇ ಕಂಡಿತು. ಅವಳು ಯಂತ್ರವನ್ನೊಮ್ಮೆ ಅಲ್ಲಾಡಿಸಿ ನೋಡಿದಳು. “ಹಾಗಾದ್ರೆ ಇನ್ನೆಲ್ಲೋ ತೂತಿದೆ. ಕ್ಯಾಂಟೀನಲ್ಲಿ ಏನು ಹಾಕ್ತಾರೋ ವಿಚಾರಿಸಿ. ತಿನ್ನೋದು ಏನು, ಅದು ಎಲ್ಲಿಂದ ಬಂತು, ಅಷ್ಟು ಗೊತ್ತಿದ್ರೆ ಮುಕ್ಕಾಲು ಕೆಲಸ ಆಯ್ತು. ಇದಕ್ಕೆ ದೊಡ್ಡ ಓದು ಬೇಡ, ಸಾಮಾನ್ಯ ಜ್ಞಾನ ಸಾಕು.”

ಹೋದ ಸಲವೂ ಅವಳು ಹೇಳಿದ್ದು ಇದನ್ನೇ. ಟೈಲರಮ್ಮನ ತಲೆ ಕೆಟ್ಟದ್ದೇ ಅಲ್ಲಿಂದ. ಸಾಮಾನ್ಯ ಜ್ಞಾನ ಎಂದಮೇಲೆ ಅದು ಎಲ್ಲರಿಗೂ ಒಂದೇ ಇರಬೇಕಲ್ಲವೇ? ಅವಳ ಹೊಲಿಗೆ ಯಂತ್ರದ ಮುಂದೆ ಕೈ ಎತ್ತಿ ಅಳತೆ ಕೊಡಲು ನಿಂತ ಒಬ್ಬೊಬ್ಬ ಹೆಂಗಸಿನ ಹತ್ತಿರವೂ ಬೇರೆ ಬೇರೆ ಸಾಮಾನ್ಯ ಜ್ಞಾನ ಇತ್ತು. ಅನ್ನ ಬಿಡಿಸು ಎಂದಳು ಒಬ್ಬಳು. ಅನ್ನ ಬಿಟ್ಟರೆ ಕೈಕಾಲು ನಡುಗುತ್ತೆ, ಬ್ರೆಡ್ಡು ಬಿಡಿಸು ಎಂದಳು ಮತ್ತೊಬ್ಬಳು. ಬರೀ ಹಸಿ ತರಕಾರಿ ಎಂದವಳ ಗಂಡ ಹಸಿ ತರಕಾರಿ ತಿಂದು ಹೊಟ್ಟೆ ಹಿಡಿದುಕೊಂಡು ಮಲಗಿದ್ದ. ಕೇಳಿದ್ದನ್ನೆಲ್ಲ ಟೈಲರಮ್ಮ ಮಾಡಿ ನೋಡಿದಳು. ಒಂದು ವಾರ ಬೆಳಿಗ್ಗೆ ನೆನೆಸಿದ ಮೆಂತ್ಯ, ಇನ್ನೊಂದು ವಾರ ಖಾಲಿ ಹೊಟ್ಟೆಗೆ ಹಾಗಲಕಾಯಿ ರಸ. ನಿಧಾನಣ್ಣ ಏನು ಕೊಟ್ಟರೂ ಕಣ್ಣು ಮುಚ್ಚಿ ಕುಡಿದು, “ಇದು ಯಾರ ಸಲಹೆ?” ಎಂದು ಮಾತ್ರ ಕೇಳುತ್ತಿದ್ದ.

ಈ ಗೊಂದಲದ ನಡುವೆ ಮಾತು ಬದಲಿಸದೆ ಇದ್ದವಳು ಅಕ್ಕ ಒಬ್ಬಳೇ. ನಿಧಾನಣ್ಣನ ಸ್ವಂತ ಅಕ್ಕ. ತಾಯಿ ಹೋದಮೇಲೆ ಅವನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವಳು. ಗೋಡೆಗೆ ಗೋಡೆ ಅಂಟಿದ ಪಕ್ಕದ ಮನೆಯಲ್ಲೇ ಇದ್ದಳು. ಅವಳ ಹಿತ್ತಿಲಲ್ಲಿ ಕೋಳಿಗಳಿದ್ದವು, ಸೊಪ್ಪಿನ ಪಾತಿಗಳಿದ್ದವು, ಮೂಲೆಯಲ್ಲಿ ಒಂದು ಅಂಜೂರದ ಮರವಿತ್ತು. “ಪೇಟೆದು ಬೇಡ. ಯಾರು ಬೆಳೆದ್ರೋ, ಏನು ಸುರಿದ್ರೋ ಯಾರಿಗೆ ಗೊತ್ತು? ನಮ್ಮದು ನಮಗೆ ಏನೂ ಮಾಡಲ್ಲ,” ಎನ್ನುತ್ತಿದ್ದಳು. ನೀರಿನಲ್ಲಿ ಮುಳುಗುವವಳ ಕೈಗೆ ಹಗ್ಗ ಸಿಕ್ಕ ಹಾಗೆ ಟೈಲರಮ್ಮ ಆ ಮಾತನ್ನು ಹಿಡಿದುಕೊಂಡಿದ್ದಳು.

ನಿಧಾನಣ್ಣ ಗಾಡಿ ತೆಗೆಯಲು ಹೋದ. ಅವಳು ನೇರ ಕ್ಯಾಂಟೀನಿಗೆ ನಡೆದಳು.

ಕ್ಯಾಂಟೀನಿನ ಅಡುಗೆಯವನನ್ನು ಡಿಪೋದವರು ಪೈಲ್ವಾನ ಎನ್ನುತ್ತಿದ್ದರು. ಅಂಥ ದೊಡ್ಡ ಮೈಯವನು ಅಷ್ಟು ಸಣ್ಣ ಚಾಕು ಹಿಡಿದು ಕ್ಯಾರೆಟ್ ಹೆಚ್ಚುತ್ತಿದ್ದುದು ನೋಡಲು ತಮಾಷೆಯಾಗಿತ್ತು. ಟೈಲರಮ್ಮನಿಗೆ ನಗುವ ಮನಸ್ಸಿರಲಿಲ್ಲ.

“ನಮ್ಮನೆಯವರಿಗೆ ಏನು ಹಾಕ್ತೀರಿ ನೀವು?”

“ವಿಷ ಅಂತೂ ಹಾಕಲ್ಲ ತಾಯಿ,” ಎಂದ ಪೈಲ್ವಾನ. “ಯಾರ ಮನೆಯವರು ಅಂತ ಹೇಳಿದ್ರೆ ಮುಂದಿನ ಮಾತು.”

ಅವಳು ಹೇಳಿದಳು. ಅವನು ಚಾಕು ಕೆಳಗಿಟ್ಟು, ಕೈ ಒರೆಸಿಕೊಂಡು, ಒಲೆಯ ಮೇಲಿನ ಪಾತ್ರೆಗಳ ಮುಚ್ಚಳಗಳನ್ನು ಒಂದೊಂದಾಗಿ ತೆಗೆದು ತೋರಿಸಿದ. ಅನ್ನ. ಬೇಳೆ. ಕುಂಬಳಕಾಯಿ. ಅವಳು ಚಮಚದ ತುದಿಯಲ್ಲಿ ಎಲ್ಲವನ್ನೂ ರುಚಿ ನೋಡಿದಳು. ಉಪ್ಪು ಸ್ವಲ್ಪ ಮುಂದಿತ್ತು, ಬೇರೆ ಏನೂ ಇರಲಿಲ್ಲ.

“ಈ ಕ್ಯಾರೆಟ್ ಎಲ್ಲಿಂದ ಬಂತು?”

“ವ್ಯಾನಿಂದ.”

“ವ್ಯಾನಿಗೆ ಎಲ್ಲಿಂದ ಬಂತು?”

“ಸಗಟು ಮಾರ್ಕೆಟ್ಟಿಂದ.”

“ಅಲ್ಲಿಗೆ?”

“ಅಲ್ಲಿಂದಾಚೆಗೆ ನನಗೂ ಕ್ಯಾರೆಟ್ಟಿಗೂ ಪರಿಚಯ ಇಲ್ಲ ತಾಯಿ. ಬರುತ್ತೆ, ತೊಳೀತೀನಿ, ಬೇಯಿಸ್ತೀನಿ. ನನ್ನ ಮಕ್ಕಳೂ ಇದನ್ನೇ ತಿನ್ನೋದು.” ಅವನ ದನಿಯಲ್ಲಿ ಬೇಸರಕ್ಕಿಂತ ಕುತೂಹಲವೇ ಹೆಚ್ಚಿತ್ತು. “ಆದ್ರೆ ನಿಮ್ಮೋರು ತಿಂದ್ರೆ ತಾನೇ? ಅನ್ನ ಅರ್ಧಕ್ಕೆ ಸಾಕು ಅಂತಾರೆ. ಸಿಹಿ ಮಾಡಿದ ದಿನ ತಟ್ಟೆ ಮೇಲೆ ಕೈ ಅಡ್ಡ ಇಡ್ತಾರೆ. ನಾನು ಎಷ್ಟು ಬಲವಂತ ಮಾಡಿದ್ರೂ ಅಷ್ಟೇ. ‘ನಮ್ಮನೇದೇ ಬೇಕಾದಷ್ಟಿದೆ ಬಿಡಪ್ಪ’ ಅಂತಾರೆ.”

“ಬೇಕಾದಷ್ಟು ಏನಿದೆ ಅಂತೆ?”

“ಅದನ್ನ ನಾನು ಕೇಳಬೇಕಾ? ನಿಮ್ಮ ಮನೆ.”

ಟೈಲರಮ್ಮ ಹೊರಗೆ ಬಂದು ಡಿಪೋದ ಗೇಟಿನ ಹತ್ತಿರ ನಿಂತಳು. ಬಂದಾಗ ಒಬ್ಬರ ಮೇಲಾದರೂ ಅನುಮಾನ ಇತ್ತು, ಈಗ ಅದೂ ಇರಲಿಲ್ಲ. ಗಂಡ ಕದ್ದು ತಿನ್ನುವವನಲ್ಲ. ಕ್ಯಾಂಟೀನಿನದು ತಪ್ಪಿಲ್ಲ. ಯಂತ್ರ ಸುಳ್ಳು ಹೇಳುವುದಿಲ್ಲವಂತೆ. ಹಾಗಾದರೆ ಆ ಸಕ್ಕರೆ ಅವನ ರಕ್ತಕ್ಕೆ ಹೇಗೆ ಇಳಿಯುತ್ತಿದೆ, ಕನಸಿನಲ್ಲಿ ತಿನ್ನುತ್ತಾನೆಯೇ? ಅಷ್ಟರಲ್ಲಿ ಅವನದೇ ಬಸ್ಸು ಬಂತು. ಹತ್ತಿದಳು. ಕಂಡಕ್ಟರ್ ಅವಳನ್ನು ಗುರುತಿಸಿ, ಡ್ರೈವರನ ಕೈ ಕಾಣುವ ಹಾಗಿದ್ದ ಮುಂದಿನ ಸೀಟು ಬಿಡಿಸಿಕೊಟ್ಟ. “ಇವತ್ತು ಗಾಡಿ ಹುಷಾರಾಗಿ ಓಡುತ್ತೆ,” ಎಂದ.

ಗಂಡ ಕೆಲಸ ಮಾಡುವುದನ್ನು ನೋಡಿ ಅವಳಿಗೆ ಎಷ್ಟು ವರ್ಷವಾಗಿತ್ತೋ. ಮನೆಯಲ್ಲಿ ಎದುರಿಗಿದ್ದ ಉಪ್ಪಿನ ಡಬ್ಬಿ ಕಾಣದ ಮನುಷ್ಯ ಇಲ್ಲಿ ಮೂರೂ ಕನ್ನಡಿಗಳಲ್ಲಿ ಇಡೀ ಬೀದಿಯನ್ನು ನೋಡುತ್ತಿದ್ದ. ತಿರುವಿನಲ್ಲಿ ಆ ದೊಡ್ಡ ಚಕ್ರ ಅವನ ಅಂಗೈ ಕೆಳಗೆ ಎಣ್ಣೆ ಹಚ್ಚಿದಂತೆ ಜಾರುತ್ತಿತ್ತು. ಕೋಲೂರಿಕೊಂಡು ಬರುತ್ತಿದ್ದ ಮುದುಕನಿಗಾಗಿ ಬಾಗಿಲು ತೆರೆದಿಟ್ಟುಕೊಂಡು ಕೂತ. ಹಿಂದಿನ ಕಾರಿನವನು ಹಾರ್ನ್ ಒತ್ತಿದ, ಇವನು ಕಿವುಡನಾದ. ಇವನನ್ನು ಕಿಟಕಿಯಿಲ್ಲದ ಶೆಡ್ಡಿನಲ್ಲಿ ಕೂರಿಸಿದರೆ ಇವನಲ್ಲಿ ಏನು ಉಳಿದೀತು ಎಂದುಕೊಂಡಳು.

ಸ್ಟಾಪು ಬಂತು. ಬ್ರೇಕು, ಬಾಗಿಲಿನ ಗುಂಡಿ, ಕನ್ನಡಿಯತ್ತ ಕಣ್ಣು, ಜೇಬಿಗೆ ಕೈ, ಬಾಯಿಗೆ ಕೈ. ಮತ್ತೆ ಗೇರು. ಮುಂದಿನ ಸ್ಟಾಪಿನಲ್ಲೂ ಹಾಗೆಯೇ. ಅದರ ಮುಂದಿನದರಲ್ಲೂ. ಗೇರು ಹಾಕುವಷ್ಟೇ ಸಹಜವಾಗಿ ಆ ಕೈ ಜೇಬಿಗೆ ಹೋಗಿ ಬರುತ್ತಿತ್ತು. ಆ ಜೇಬನ್ನು ಆಳವಾಗಿ ಹೊಲಿದುಕೊಟ್ಟವಳು ಅವಳೇ. ಬೆಳಿಗ್ಗೆ ಒಣ ಅಂಜೂರ ತುಂಬಿಸಿದವಳೂ ಅವಳೇ. ಬಿಸ್ಕತ್ತಿನ ಚಟ ಬಿಡಿಸಲು ಮಾಡಿದ ಉಪಾಯ ಅದು. ಕೆಲಸ ಮಾಡಿದೆ ಎಂದು ಮೊದಲು ಸಮಾಧಾನವೇ ಆಯಿತು. ಸೇತುವೆ ದಾಟುವಾಗ ಮಾತ್ರ, ಬೆಳಿಗ್ಗೆ ಹಾಕಿದ ಹಿಡಿ ಇಷ್ಟು ಹೊತ್ತಿಗೆ ಮುಗಿದಿರಬೇಕಲ್ಲ ಎನಿಸಿತು. ಜೇಬು ಇನ್ನೂ ಉಬ್ಬಿಕೊಂಡೇ ಇತ್ತು.

ಕೊನೆಯ ಸ್ಟಾಪಿನಲ್ಲಿ ಜನ ಇಳಿದ ಮೇಲೆ ನಿಧಾನಣ್ಣ ಸೀಟಿನ ಕೆಳಗಿನಿಂದ ಒಂದು ಬಟ್ಟೆಯ ಚೀಲ ತೆಗೆದು ಜೇಬು ತುಂಬಿಸಿಕೊಂಡ.

“ಎಲ್ಲರ ಗಾಡಿ ಡೀಸೆಲ್ ಮೇಲೆ ಓಡುತ್ತೆ, ನಮ್ಮದು ಅಂಜೂರದ ಮೇಲೆ,” ಎಂದು ಕಂಡಕ್ಟರ್ ಚಹಾ ಕುಡಿಯಲು ಇಳಿದುಹೋದ.

“ಆ ಚೀಲ ಯಾರು ಕೊಟ್ಟಿದ್ದು?” ಎಂದಳು ಟೈಲರಮ್ಮ.

“ಅಕ್ಕ. ದಿನಾ ಕೊಡ್ತಾಳೆ.”

“ನಾನೂ ಕೊಡ್ತೀನಲ್ಲ.”

“ನೀನೂ ಕೊಡ್ತೀಯ.”

“ಎರಡನ್ನೂ ತಿಂತೀರಾ?”

ಅವನು ಅಂಗೈಯಲ್ಲಿದ್ದ ಅಂಜೂರವನ್ನು ಯಾರೋ ತಂದಿಟ್ಟದ್ದನ್ನು ನೋಡುವಂತೆ ನೋಡಿದ. “ಇದಾ? ಇದು ನಮ್ಮ ಮರದ್ದು ಕಣೆ.”

“ನರ್ಸ್ ಕೇಳಿದಾಗ ಯಾಕೆ ಹೇಳಲಿಲ್ಲ?”

“ನೀನೂ ಹೇಳಲಿಲ್ಲವಲ್ಲ.”

ಹೌದು. ಮುಚ್ಚಿಡಬೇಕೆಂದು ಇಬ್ಬರೂ ಮುಚ್ಚಿಟ್ಟಿರಲಿಲ್ಲ. ತಿನ್ನುವ ವಸ್ತುಗಳ ಸಾಲಿನಲ್ಲಿ ಅದು ಇರಲೇ ಇಲ್ಲ. ಕುಡಿಯುವ ನೀರನ್ನು, ಉಸಿರಾಡುವ ಗಾಳಿಯನ್ನು ಯಾರಾದರೂ ಹೇಳುತ್ತಾರೆಯೇ? ಟೈಲರಮ್ಮ ಅವನ ಕೈಯಿಂದ ಅದನ್ನು ತೆಗೆದುಕೊಂಡು ಕಚ್ಚಿದಳು. ಹಲ್ಲಿಗೆ ಅಂಟಿಕೊಂಡಿತು. ಅಕ್ಕನ ಜೊತೆ ತಾರಸಿಯ ಮೇಲೆ ಹಣ್ಣು ಹರವಿದ್ದು ಅವಳಿಗೆ ನೆನಪಾಯಿತು. ಬಿಸಿಲಿಗೆ ಹಾಕುವಾಗ ಇಡೀ ಚಾದರ ತುಂಬುತ್ತಿತ್ತು, ತೆಗೆಯುವಾಗ ಒಂದು ಜಾಡಿಯಲ್ಲಿ ಹಿಡಿಯುತ್ತಿತ್ತು. ಪ್ರತಿ ಸಲವೂ ಅಕ್ಕ, ‘ನೀರೆಲ್ಲ ಹೋಯ್ತು ನೋಡು’ ಎನ್ನುತ್ತಿದ್ದಳು.

“ನೀರು ಹೋಯ್ತು, ಸರಿ,” ಎಂದಳು ಟೈಲರಮ್ಮ ತನಗೆ ತಾನೇ. “ಸಿಹಿ ಎಲ್ಲಿಗೆ ಹೋಗುತ್ತೆ?”

“ಅಕ್ಕ ಇದಕ್ಕೆ ಸಕ್ಕರೆ ಹಾಕಲ್ಲ. ನಾನೇ ನೋಡಿದ್ದೀನಿ.”

“ನಾನೂ ನೋಡಿದ್ದೀನಿ.”

“ಮತ್ತೆ?”

“ಮತ್ತೆ ಇಷ್ಟು ಸಿಹಿ ಯಾಕಿದೆ?”

ನಿಧಾನಣ್ಣ ಚೀಲದ ಬಾಯಿ ಕಟ್ಟಿ ಅವಳ ತೊಡೆಯ ಮೇಲಿಟ್ಟ, ಜೇಬನ್ನೂ ಬರಿದು ಮಾಡಿದ. ವಾಪಸ್ಸು ಬರುವಾಗ ಪ್ರತಿ ಸ್ಟಾಪಿನಲ್ಲೂ ಅವನ ಕೈ ಜೇಬಿಗೆ ಹೋಗಿ, ಏನೂ ಸಿಗದೆ, ಎಲ್ಲಿಗೆ ಮರಳಬೇಕೆಂದು ತಿಳಿಯದ ಹಾಗೆ ಒಂದು ಗಳಿಗೆ ಎದೆಯ ಮೇಲೇ ನಿಂತುಬಿಡುತ್ತಿತ್ತು.

ಸಂಜೆ ಇಬ್ಬರೂ ಪಕ್ಕದ ಮನೆಯ ಮೆಟ್ಟಿಲು ಹತ್ತಿದಾಗ ಅಕ್ಕ ತಾರಸಿಯ ಮೇಲೆಯೇ ಇದ್ದಳು. ಆ ವಾರ ಕೊಯ್ದ ಹಣ್ಣು ಚಾದರದ ಮೇಲೆ ಹರಡಿತ್ತು; ಹಕ್ಕಿಗಳ ಕಾಟಕ್ಕೆ ಮೇಲೊಂದು ಹಳೆಯ ಬಲೆ ಹೊದಿಸಿ ನಾಲ್ಕೂ ಮೂಲೆಗೆ ಇಟ್ಟಿಗೆ ಹೇರಿದ್ದಳು. ತಮ್ಮನ ಮುಖ ನೋಡಿದವಳೇ, “ಏರಿದೆಯಾ?” ಎಂದಳು.

ಅವನು ತಲೆಯಾಡಿಸಿದ.

“ನಾನು ಹೇಳಲಿಲ್ವ? ಆ ಕ್ಯಾಂಟೀನು.”

“ಕ್ಯಾಂಟೀನಲ್ಲ ಅಕ್ಕ,” ಎಂದ ನಿಧಾನಣ್ಣ. ಮುಂದಿನ ಮಾತಿಗೆ ಅವನು ಹೆಂಡತಿಯನ್ನು ನೋಡಿದ, ಹೆಂಡತಿ ಅವನನ್ನು ನೋಡಿದಳು. ಕೊನೆಗೆ ಟೈಲರಮ್ಮನೇ ಜೇಬಿನ ಮಾತು, ಚೀಲದ ಮಾತು, ನೀರು ಹೋಗಿ ಸಿಹಿ ಉಳಿಯುವ ಮಾತು, ಎಲ್ಲವನ್ನೂ ಹೇಳಿದಳು. ತಾನೂ ತುಂಬಿಸುತ್ತಿದ್ದೆ ಎಂಬುದನ್ನು ಎರಡು ಸಲ ಹೇಳಿದಳು.

ಅಕ್ಕ ಇಟ್ಟಿಗೆಯೊಂದರ ಮೇಲೆ ಕೂತಳು. “ಹೋದ ಸಲ ನರ್ಸಮ್ಮ ಸುಸ್ತಾಗಬಹುದು ಅಂದ್ಲಂತಲ್ಲ. ಅದಕ್ಕೆ ನಾನು ಆಮೇಲೆ ಚೀಲ ದೊಡ್ಡದು ಮಾಡಿದ್ದೆ.” ಕೆಳಗೆ ಹಿತ್ತಿಲಿನ ಮೂಲೆಯತ್ತ ಕೈ ತೋರಿಸಿದಳು. “ಈ ಮರಕ್ಕೆ ಒಂದು ಚಮಚ ಔಷಧಿ ಹೊಡೆದಿಲ್ಲ ನಾನು. ಕೋಳಿಗೊಬ್ಬರ, ತೊಳೆದ ಅಕ್ಕಿ ನೀರು, ಅಷ್ಟೇ.”

“ಮರದ್ದೇನೂ ತಪ್ಪಿಲ್ಲ ಅಕ್ಕ.”

“ಮರದ್ದಲ್ಲ ಅಂತ ನನಗೂ ಗೊತ್ತು.”

“ಜಾಸ್ತಿ ಆಯ್ತು, ಅಷ್ಟೇ.”

“ಜಾಸ್ತಿ ಆಯ್ತು,” ಎಂದು ಅಕ್ಕ ಆ ಮಾತನ್ನು ಬಾಯಲ್ಲಿ ಹೊರಳಿಸಿ ನೋಡಿದಳು. “ಪರರದ್ದು ಜಾಸ್ತಿ ಆಗುತ್ತೆ, ಸರಿ. ನಮ್ಮದೇ ಜಾಸ್ತಿ ಆಗೋದು ಅಂದ್ರೆ ಹೇಗೆ?”

ಕೆಳಗೆ ಕೋಳಿಗಳು ಗೂಡು ಸೇರುವ ಸದ್ದು ಕೇಳಿಸುತ್ತಿತ್ತು.

“ಸ್ಟೀರಿಂಗ್ ಕಿತ್ಕೋತಾರಾ?” ಎಂದಳು ಅಕ್ಕ.

“ತಿಂಗಳ ಕೊನೆಗೆ ನೋಡ್ತಾರಂತೆ.”

“ಅಷ್ಟರಲ್ಲಿ ಇಳಿಯುತ್ತಾ?”

“ಇಳೀಬಹುದು. ಗೊತ್ತಿಲ್ಲ.”

“ಹಸಿ ಹಣ್ಣಾದ್ರೆ ತಿನ್ನಬಹುದಾ? ಒಂದು?”

“ಕೇಳ್ಬೇಕು ಅಕ್ಕ,” ಎಂದಳು ಟೈಲರಮ್ಮ.

“ಅರ್ಧ?”

“ಅದನ್ನೂ ಕೇಳ್ತೀನಿ.”

ಅಕ್ಕ ಎದ್ದು ಸೆರಗಿಗೆ ಕೈ ಒರೆಸಿಕೊಂಡಳು. ಒಂದು ಮೂಲೆಯ ಇಟ್ಟಿಗೆ ಸರಿಸಿದಳು, ಆಮೇಲೆ ಇನ್ನೊಂದನ್ನು. ಬಲೆಯನ್ನು ಮಡಿಚುತ್ತ ಮಡಿಚುತ್ತ ಪೂರ್ತಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡಳು. ನೀರಿನ ಟ್ಯಾಂಕಿನ ಮೇಲೆ ಕೂತಿದ್ದ ಕಪ್ಪು ಹಕ್ಕಿಯೊಂದು ಚಾದರದ ಅಂಚಿಗೆ ಇಳಿದು, ತಲೆ ಓರೆ ಮಾಡಿ ಅವಳನ್ನು ನೋಡಿತು. ಅವಳ ಕೈ ಓಡಿಸಲೆಂದು ಮೇಲೆದ್ದಿತು. ಸ್ವಲ್ಪ ಹೊತ್ತು ಹಾಗೇ ನಿಂತು, ಕೆಳಗಿಳಿಯಿತು. ಹಕ್ಕಿ ಎರಡು ಹೆಜ್ಜೆ ಮುಂದೆ ಕುಪ್ಪಳಿಸಿತು.