ಬರಗಾಲದಮ್ಮನ ಗುಂಗಿನ ಪೆಟ್ಟಿಗೆ

ಯಾರು ಏನೇ ಕೇಳಿದರೂ ನನ್ನ ಸೋದರತ್ತೆ ತಕ್ಷಣ ಉತ್ತರ ಕೊಡುತ್ತಿರಲಿಲ್ಲ. ಮಾತಿನ ಕೊನೆಯ ಅಕ್ಷರ ಗೋಡೆಗೆ ತಾಗಿ, ಕರಗಿ, ಪೂರ್ತಿ ಇಲ್ಲವಾಗುವವರೆಗೆ ತೋರುಬೆರಳನ್ನು ತುಸು ಎತ್ತಿ ಕಾಯುತ್ತಿದ್ದಳು. ಫೋನಿನಲ್ಲಿ ಅವಳೊಡನೆ ಮಾತಾಡಿದವರೆಲ್ಲ ಮತ್ತೆ ಮತ್ತೆ 'ಹಲೋ' ಎಂದು ಕೂಗಿ, ಕೊನೆಗೆ ಇವಳಿಗೆ ಬಿಂಕ ಎಂದು ತೀರ್ಮಾನಿಸುತ್ತಿದ್ದರು. ಬಿಂಕವಲ್ಲ, ಕಸುಬಿನ ಚಟ. ಹಾಡು ಮುಗಿದ ಮೇಲೂ ಅದರ ಅನುರಣನ ಅಡಗುವ ತನಕ ಟೇಪು ನಿಲ್ಲಿಸಬಾರದೆಂಬ ನಿಯಮವನ್ನು ಧ್ವನಿಮುದ್ರಣದ ಕೋಣೆಯಿಂದ ಅಡುಗೆಮನೆಗೂ ತಂದುಕೊಂಡಿದ್ದಳು.

ಅವಳು ಕೆಲಸಕ್ಕೆ ಸೇರಿದಾಗ ಹಾಡಿಗೆ ಅನುರಣನ ಕೊಡುವುದೆಂದರೆ ನೆಲಮಾಳಿಗೆಯ ಖಾಲಿ ಕೋಣೆಯಲ್ಲಿ ಸ್ಪೀಕರಿಟ್ಟು ಹಾಡನ್ನು ನುಡಿಸಿ, ಅಲ್ಲಿ ಹುಟ್ಟುವ ಗುಂಗನ್ನು ಇನ್ನೊಂದು ಮೂಲೆಯ ಮೈಕಿನಲ್ಲಿ ಹಿಡಿಯುವುದು. ಆಮೇಲೆ ಆ ಕೋಣೆಯ ಬದಲಿಗೆ, ತಾನೇ ನಡುಗಿ ಗುಂಗು ಹುಟ್ಟಿಸುವ, ಬಾಗಿಲಿಗಿಂತ ದೊಡ್ಡದಾದ ಉಕ್ಕಿನ ತಗಡು ಬಂತು. ಅದು ಹಾಡಿಗೂ ನಡುಗುತ್ತಿತ್ತು, ಹೊರಗೆ ಲಾರಿ ಹೋದರೂ ನಡುಗುತ್ತಿತ್ತು. ಕಡೆಗೆ ಬಂದದ್ದು ಡಿಜಿಟಲ್ ಯಂತ್ರ: ಧ್ವನಿಯನ್ನು ಅಂಕೆಗಳಾಗಿ ಒಡೆದು, ಎಲ್ಲಿಯೂ ಇಲ್ಲದ ಸಭಾಂಗಣವೊಂದನ್ನು ಲೆಕ್ಕದಲ್ಲೇ ಕಟ್ಟಿಕೊಡುವ ಪೆಟ್ಟಿಗೆ. ಅದು ಒಲೆಯಂತೆ ಕಾಯುತ್ತಿದ್ದುದರಿಂದ ಕೋಣೆಯನ್ನು ಸದಾ ತಣ್ಣಗಿಡಬೇಕಾಗಿತ್ತು. ಹಾಗಾಗಿ ಅತ್ತೆ ಕಡುಬೇಸಿಗೆಯಲ್ಲೂ ಮೊಣಕೈ ಸವೆದ ಕಂದು ಉಣ್ಣೆಯ ಕೋಟು ತೊಟ್ಟೇ ಕೆಲಸಕ್ಕೆ ಹೋಗುತ್ತಿದ್ದಳು. ಬೀದಿಯ ಜನ ಅವಳಿಗೇನೋ ಕಾಯಿಲೆ ಎಂದುಕೊಂಡಿದ್ದರು.

ಆ ಯಂತ್ರವೆಂದರೆ ಅವಳಿಗೆ ಪ್ರಾಣ. ಆದರೂ ಗಾಯಕರ ದನಿಯನ್ನು ಮಾತ್ರ ಅದರ ಸೋಂಕಿಲ್ಲದೆ, ಬರಿದಾಗಿ ಮುದ್ರಿಸಿಕೊಳ್ಳುತ್ತಿದ್ದಳು; ಗುಂಗನ್ನು ಅವರ ಹೆಡ್‌ಫೋನಿಗಷ್ಟೇ ಬಿಡುತ್ತಿದ್ದಳು. "ಆಮೇಲೆ ಎಷ್ಟು ಬೇಕಾದ್ರೂ ಹಾಕ್ಬಹುದು. ಹಾಕಿದ್ದನ್ನ ತೆಗೆಯೋಕಾಗಲ್ಲ" ಎನ್ನುತ್ತಿದ್ದಳು. ಹಾಡಿ ಹೊರಬಂದವರಿಗೆ ಮೊದಲು ಆ ಒಣದನಿಯನ್ನೇ ಕೇಳಿಸುತ್ತಿದ್ದ ಅವಳಿಗೆ ವಾದ್ಯದವರು ಇಟ್ಟ ಅಡ್ಡಹೆಸರು ಬರಗಾಲದಮ್ಮ.

ನನ್ನ ತಾಯಿ ಗಾಯಕಿ. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಮೊದಲ ಸಲ ಅತ್ತೆಯ ಧ್ವನಿಮುದ್ರಣದ ಕೋಣೆಗೆ ಹಾಡಲು ಹೊರಟಾಗ ನಾನೇ ಜೊತೆಗೆ ಹೋಗಿದ್ದೆ. ಹೆಡ್‌ಫೋನಿನ ವಿಶಾಲ ಸಭಾಂಗಣದಲ್ಲಿ ಅಮ್ಮ ಧೈರ್ಯವಾಗಿಯೇ ಹಾಡಿದಳು. ಬಳಿಕ ಅತ್ತೆ ಬರಿಯ ದನಿಯನ್ನು ಕೇಳಿಸಿದಾಗ ಅಮ್ಮನ ಮುಖ ಚಿಕ್ಕದಾಯಿತು. ಏರುಸ್ವರಗಳಲ್ಲೆಲ್ಲ ಬಿರುಕು ಕೇಳುತ್ತಿತ್ತು.

"ಇದು ಹೊರಗೆ ಹೋದ್ರೆ ನಾನಿನ್ನು ಹಾಡಲ್ಲ. ಗುಂಗು ಹಾಕಿ ಮುಚ್ಚಿಬಿಡು."

"ಇದೇ ಚೆನ್ನಾಗಿದೆ ಅತ್ತಿಗೆ. ನನ್ನ ಮಾತು ಕೇಳಿ."

"ಮುಚ್ಚು ಅಂದೆ."

ಅತ್ತೆ ಮುಚ್ಚಿದಳು. ಮುನಿಸಿಕೊಂಡು ಕಾಟಾಚಾರಕ್ಕಲ್ಲ; ಒಂದೊಂದು ಬಿರುಕಿಗೂ ತಕ್ಕಷ್ಟೇ ಗುಂಗು ಅಳೆದು, ತನ್ನ ಬೆರಳುಗಳಿಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಧಾರೆಯೆರೆದು ಮುಚ್ಚಿದಳು. ಹಾಡು ಹೆಸರು ಮಾಡಿತು. ಅಮ್ಮ ಇನ್ನೂ ಕೆಲವು ವರ್ಷ ಹಾಡಿದಳು.

ಎರಡನೆಯ ಶಸ್ತ್ರಚಿಕಿತ್ಸೆ ಅವಳ ದನಿಯನ್ನೇ ಒಯ್ದಿತು. ಉಳಿದದ್ದು ಪಿಸುಮಾತು. ಒಂದು ದಿನ ಅವಳಾಗಿಯೇ ಆ ಒಣದನಿ ಇನ್ನೂ ಇದೆಯೇ ಎಂದು ಕೇಳಿದಳು. ಇತ್ತು. ಅತ್ತೆ ಅದನ್ನು ಮನೆಗೆ ತಂದು ಕೇಳಿಸಿದಳು. ಉಸಿರೆಳೆದದ್ದು, ತುಟಿ ಬಿಚ್ಚಿದ್ದು, ಎಲ್ಲವೂ ಮಗ್ಗುಲಲ್ಲೇ ಕೂತು ಹಾಡಿದಷ್ಟು ಹತ್ತಿರ. ಅಮ್ಮ ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದಳು.

"ಎಷ್ಟು ಚೆನ್ನಾಗಿತ್ತಲ್ಲೇ ಇದು. ಯಾಕೆ ಮುಚ್ಚಿದೆ?"

ನಾನು ಬಾಯಿ ತೆರೆದೆ. ಅತ್ತೆ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದಳು.

"ನಂದೇ ತಪ್ಪು ಅತ್ತಿಗೆ. ಆಗ ನಂಗೆ ಗೊತ್ತಾಗಲಿಲ್ಲ."

ನನಗೆ ಮೊದಲು ಸಿಟ್ಟು ಬಂತು, ಆಮೇಲೆ ಅಳು ಬಂತು. ತಾವು ಹೇಳಿದ್ದೇ ಸರಿಯಿತ್ತೆಂದು ಲೋಕ ಒಪ್ಪುವ ದಿನಕ್ಕಾಗಿ ನಾವೆಲ್ಲ ಕಾದು ಕೂತಿರುತ್ತೇವೆ. ಅತ್ತೆಯಂಥವರು ಆ ದಿನ ಬಂದಾಗ ಎದುರಿಗಿದ್ದವರ ಸಂತೋಷ ಕೆಡದಿರಲೆಂದು ಅದನ್ನು ಸುಮ್ಮನೆ ಬಿಟ್ಟುಕೊಡುತ್ತಾರೆ.